ಕಾಡಿಗೆ ಮಡಿ ಉಡಿಸಿದವರು

ಮಡಿ ಎಂಬ ಮಾತಿಗೆ ನಮ್ಮ ಕೇರಿಗಳಲ್ಲಿ ಅರ್ಥ ಕೇಳುವವರು ಯಾರೂ ಇಲ್ಲ. ಮಡಿ ಅಂದರೆ ಮುಟ್ಟಬೇಡ. ಮಡಿ ಅಂದರೆ ದೂರ ನಿಲ್ಲು. ಬಾವಿಗೆ ಮಡಿ, ಗುಡಿಗೆ ಮಡಿ, ಹೋಟೆಲಿನ ಲೋಟಕ್ಕೆ ಮಡಿ, ಮೇಲಿನ ಬೀದಿಗೂ ಮಡಿ. ಈ ಮಡಿಯ ಗಡಿಯಾಚೆ ಹುಟ್ಟಿ, ಗಡಿಯಾಚೆಯೇ ಕೂತು ಅಕ್ಷರ ಕಲಿತು ಬಂದವರು ನಾವು. ಈಗ ಈ ದೇಶದ ಸರ್ಕಾರ ಮತ್ತು ಈ ದೇಶದ ಸುಶಿಕ್ಷಿತ ವರ್ಗ ಸೇರಿಕೊಂಡು ಕಾಡಿಗೂ ಮಡಿ ಉಡಿಸಿವೆ. 2006ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿ, ಹುಲಿ ಇರುವ ಕಾಡಿನ ಒಳಭಾಗ 'ಇನ್‌ವಯೊಲೇಟ್' ಆಗಿರಬೇಕು ಎನ್ನುತ್ತದೆ. ಇದಕ್ಕೆ ಸರ್ಕಾರಿ ಪಂಡಿತರು ಬಾಯಿ ತಿರುಗದ ಒಂದು ಸಂಸ್ಕೃತ ಪದವನ್ನು ಹುಡುಕಿಕೊಂಡಾರು. ನಮಗೆ ಆ ತೊಂದರೆ ಇಲ್ಲ. ಅದರ ಅರ್ಥ ಮಡಿ.

ನೋಡಿ, ಹೇಗೆ ಒಂದಕ್ಕೊಂದು ಹೊಂದುತ್ತದೆ. ಗುಡಿಗೆ ಗರ್ಭಗುಡಿ ಇದ್ದ ಹಾಗೆ ಕಾಡಿಗೆ 'ಕೋರ್' ಇದೆ. ಪ್ರಾಂಗಣ ಇದ್ದ ಹಾಗೆ 'ಬಫರ್' ಇದೆ. ಇವೆರಡರಾಚೆ, ಊರಾಚೆಯ ಕೇರಿಯ ಹಾಗೆ, ಒಕ್ಕಲೆಬ್ಬಿಸಿದವರ 'ಪುನರ್ವಸತಿ ಕಾಲೋನಿ' ಇದೆ. ಗರ್ಭಗುಡಿಗೆ ಯಾರು ಹೋಗಬಹುದು ಎಂದು ಹೇಳುವವನು ಪೂಜಾರಿ. ಕೋರಿಗೆ ಯಾರು ಹೋಗಬಹುದು ಎಂದು ಹೇಳುವವನು ಖಾಕಿ ತೊಟ್ಟವನು. ಎರಡು ಕಡೆಯೂ ದುಡ್ಡಿದ್ದವನಿಗೆ ವಿಶೇಷ ದರ್ಶನ ಉಂಟು. ಎರಡು ಕಡೆಯೂ ಕಸ ಗುಡಿಸುವವನು, ಸೌದೆ ಹೊರುವವನು, ಬೆಂಕಿ ಆರಿಸುವವನು ಮಾತ್ರ ಕೆಲಸ ಮುಗಿದ ಕೂಡಲೇ ಹೊರಕ್ಕೆ ನಡೆಯಬೇಕು.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ ಎಂದು ಬಲ್ಲೆವು. 'ಪರಿಸರದ ವಿಷಯಕ್ಕೂ ಜಾತಿ ತರುತ್ತೀರಲ್ಲ' ಎನ್ನುತ್ತಾರೆ. ಸ್ವಾಮಿ, ನಾವು ತರಲಿಲ್ಲ. ಅದು ಅಲ್ಲೇ ಇತ್ತು. ನಾವು ಬೆರಳು ಮಾಡಿ ತೋರಿಸುತ್ತಿದ್ದೇವೆ, ಅಷ್ಟೆ.

ಗೆಳೆಯರೇ, ನಾವು ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಕಾಲುನಡಿಗೆಯಲ್ಲಿ ನೋಡಿ ಬಂದು ಬರೆಯುತ್ತಿದ್ದೇವೆ. ಆ ಕಾಡನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ 2011ರ ಅಕ್ಟೋಬರಿನಲ್ಲಿ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಹುಲಿ ಮೀಸಲು ಕಾಡೊಂದರ ಒಳಗೆ ಜನಸಮುದಾಯಕ್ಕೆ ಈ ಹಕ್ಕು ಸಿಕ್ಕಿದ್ದು ಇಡೀ ಇಂಡಿಯಾದಲ್ಲಿ ಅದೇ ಮೊದಲು. ಕಾಡು ಜನರದ್ದಾದರೆ ಕಾಡು ಉಳಿಯುತ್ತದೋ ಅಳಿಯುತ್ತದೋ ಎಂದು ಕಣ್ಣಾರೆ ನೋಡಬೇಕಾದ ಜಾಗ ಅದು.

ಏನು ಕಂಡೆವು? ಒಂದೇ ಬೆಟ್ಟಸಾಲಿನಲ್ಲಿ ಬುಡದ ಕುರುಚಲು, ಅದರ ಮೇಲೆ ಎಲೆಯುದುರುವ ಕಾಡು, ಇನ್ನೂ ಮೇಲೆ ನಿತ್ಯಹಸುರು, ತುದಿಯಲ್ಲಿ ಶೋಲ ಮತ್ತು ಹುಲ್ಲುಗಾವಲು. ಪೂರ್ವಘಟ್ಟವನ್ನೂ ಪಶ್ಚಿಮಘಟ್ಟವನ್ನೂ ಗಂಟು ಹಾಕಿದ ಬೆಟ್ಟಗಳು ಅವು. ಪೋಡಿನಿಂದ ಹೊರಟ ಕಾಲುದಾರಿಯಲ್ಲಿ ಸೋಲಿಗರ ಒಬ್ಬ ತಾತ ಮುಂದೆ, ನಾವು ಹಿಂದೆ. ನಮ್ಮಲ್ಲಿ ಎಂ.ಎ. ಓದಿದವರಿದ್ದರು, ಬಿ.ಎಡ್. ಮುಗಿಸಿ ಮೇಷ್ಟ್ರಾದವರಿದ್ದರು. ಆ ದಾರಿಯಲ್ಲಿ ನಾವೆಲ್ಲ ಅನಕ್ಷರಸ್ಥರು. ಕಡವೆ ನೀರು ಕುಡಿದು ಹೋದ ಗೊರಸು, ಸೀಳುನಾಯಿಗಳು ಸುಳಿದ ಜಾಡು, ಹುಲಿ ಉಗುರು ತೀಡಿದ ಮರದ ತೊಗಟೆ, ಆನೆ ಮುರಿದ ಬಿದಿರು. ಆತ ಬೆರಳು ಇಟ್ಟು ಓದುತ್ತಾ ಹೋದ. ಮರದ ತುದಿಯಲ್ಲಿ ಮುಸುವ ಕೂಗಿದ ದನಿಯಲ್ಲಿ ಹೆದರಿಕೆ ಉಂಟೋ ಇಲ್ಲವೋ ಎಂದು ಹೇಳಿದ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ, ಯಾವುದು ಎಲ್ಲಿ ಕಟ್ಟುತ್ತದೆ, ಯಾವ ಹೂ ಮುಗಿದ ಮೇಲೆ ತುಪ್ಪ ಬಿಚ್ಚಬೇಕು ಎಂದು ಹೇಳಿದ. ಹುಟ್ಟನ್ನು ಪೂರಾ ತೆಗೆಯಬಾರದು, ಹುಳಕ್ಕೆ ಬಿಡಬೇಕು. ಹುಲಿಗೆ ಮರ ಹತ್ತಲು ಬಾರದು, ಅದರ ಪಾಲು ಅಂತ ನೆಲದ ಮೇಲೂ ಒಂದಿಷ್ಟು ಬಿಡಬೇಕು. ಇದು ಸೋಲಿಗ ಹಿರಿಯರು ಹೇಳುವ ಕಟ್ಟಳೆ. ಅವರು ಒಕ್ಕಲಾದ ಮಾದಪ್ಪ ಹುಲಿಯ ಬೆನ್ನೇರಿ ಕೂತವನು. ಹುಲಿಯನ್ನು ದೇವರ ಕುದುರೆ ಮಾಡಿಕೊಂಡ ಜನಕ್ಕೆ ಹುಲಿಯ ಮೇಲೆ ಪ್ರೀತಿ ಕಲಿಸಲು ಪಟ್ಟಣದಿಂದ ಬೋರ್ಡು ಬರೆಸಿ ತರುತ್ತಾರೆ!

ದೊಡ್ಡ ಸಂಪಿಗೆಯ ಬಳಿ ಹೋದೆವು. ಭಾರ್ಗವಿ ಹೊಳೆಯ ದಡದಲ್ಲಿ ನಿಂತಿರುವ ಆ ಮುದಿ ಮರಕ್ಕೆ ಗೋಡೆ ಇಲ್ಲ, ಬಾಗಿಲಿಲ್ಲ, ಗರ್ಭಗುಡಿ ಇಲ್ಲ. ಸೋಲಿಗರ ಕುಲಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅದರ ದೇವರು, ಅದರ ಮಾರಮ್ಮ, ಅದರ ವೀರ, ಅದರ ಕಲ್ಲುಗುಡಿ, ಅದರ ಅಬ್ಬಿ. ಹೀಗೆ ನೂರಾರು ಜಾಗ. ಇದು ಒಂದು ಸಮುದಾಯದ ನಕಾಶೆ. ಕಂದಾಯ ಇಲಾಖೆಯ ನಕಾಶೆಗಿಂತ ಹಳೆಯದು, ಅರಣ್ಯ ಇಲಾಖೆಯ ನಕಾಶೆಗಿಂತಲೂ ಹಳೆಯದು.

ಆ ನಕಾಶೆಯ ಮೇಲೆ ಏನು ನಡೆಯಿತು ಕೇಳಿ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಬಿಳಿಯ ಈ ಸೀಮೆಗೆ ಬಂದು ಖೆಡ್ಡಾ ಮಾಡಿ ಆನೆ ಹಿಡಿದ. ಜಾಡು ತೋರಿಸಿದವರು ಕಾಡಿನ ಜನ, ಹೆಸರು ಮಾಡಿದವನು ಆತ. ಆಮೇಲೆ ಬಿಳಿಯರೇ ಬೆಟ್ಟದ ನೆತ್ತಿಯಲ್ಲಿ ಕಾಫಿ ತೋಟ ಹಾಕಿದರು. ಅತ್ತಿಖಾನೆ, ಬೇಡಗುಳಿ, ಹೊನ್ನಮೇಟಿ ಎಂಬ ಹೆಸರುಗಳಲ್ಲಿ ಆ ಚರಿತ್ರೆ ಉಳಿದಿದೆ. ಮೈಸೂರು ಮಹಾರಾಜರು ಬೇಟೆಗೆ ಬಂದು ತಂಗಿದರು. ಬೇಟೆ ರಾಜರಿಗೆ ಶೌರ್ಯವಾಯಿತು, ಸೋಲಿಗರಿಗೆ ಅಪರಾಧವಾಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಅದನ್ನು ಇನ್ನೂ ಹಿಗ್ಗಿಸಿದರು. ಅಭಯ ಯಾರಿಗೆ? ಕುಮರಿ ಬೇಸಾಯ ಮಾಡಿಕೊಂಡು ಎಲ್ಲೆಯಿಂದ ಎಲ್ಲೆಗೆ ನಡೆಯುತ್ತಿದ್ದ ಜನವನ್ನು ರಸ್ತೆ ಬದಿಯ ಕಾಲೋನಿಗಳಿಗೆ ತಂದು ಕೂರಿಸಿದರು. ರಾಗಿ ಹೋಯಿತು, ಬೇಟೆ ಹೋಯಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮರದ ಪಾಚಿ. ಅದನ್ನು ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಮನೆ ನಡೆಸುತ್ತಿದ್ದರು. 2002ರ ತಿದ್ದುಪಡಿಯ ನೆಪದಲ್ಲಿ 2006ರ ಹೊತ್ತಿಗೆ ಅದಕ್ಕೂ ತಡೆ ಬಿತ್ತು. 2010–11ರಲ್ಲಿ ಅಭಯಾರಣ್ಯ ಹುಲಿ ಮೀಸಲಾಯಿತು.

ಈ ನಡುವೆ ಕ್ಯಾತೇದೇವರ ಕತೆ ಕೇಳಬೇಕು. ಕ್ಯಾತೇದೇವರು ಸೋಲಿಗರ ದೇವರು. ಅವನ ಗುಡಿ ಇರುವ ಜಾಗಕ್ಕೆ ಕ್ಯಾತದೇವರ ಗುಡಿ ಎಂದು ಹೆಸರು. ಇವತ್ತು ಸರ್ಕಾರದ ಪ್ರವಾಸಿ ಬಿಡಾರ ಇರುವುದು ಅಲ್ಲೇ, ಸಫಾರಿ ಜೀಪು ಹೊರಡುವುದೂ ಅಲ್ಲಿಂದಲೇ. ಬರುವವರ ಬಾಯಲ್ಲಿ ಅದು 'ಕೆ. ಗುಡಿ'. ದೇವರನ್ನು ಕಿತ್ತು ಒಂದು ಇಂಗ್ಲಿಷ್ ಅಕ್ಷರ ಮಾಡಿಟ್ಟಿದ್ದಾರೆ. ಅಲ್ಲಿಗೆ ಬಂದವನು ಒಂದು ರಾತ್ರಿಗೆ ಕೊಡುವ ಬಾಡಿಗೆ ಕೂಲಿ ಮಾಡುವ ಒಂದು ಸಂಸಾರದ ಎಷ್ಟೋ ದಿನಗಳ ಗಂಜಿ.

ಮಡಿ ಎಂಬುದರ ಗುಟ್ಟೇ ಇದು. ಮಡಿ ಎಲ್ಲರಿಗೂ ಅಲ್ಲ. ಮಡಿ ಬಡವನಿಗೆ ಮಾತ್ರ. ಸೋಲಿಗಿತ್ತಿಯೊಬ್ಬಳು ಸೊಪ್ಪಿಗೆ ಹೋದರೆ ಕಾಡು ಮೈಲಿಗೆಯಾಗುತ್ತದೆ. ಡೀಸೆಲ್ ಹೊಗೆ ಬಿಡುವ ಜೀಪು ಹೋದರೆ ಮೈಲಿಗೆಯಾಗುವುದಿಲ್ಲ. ಒಂದು ಕುಕ್ಕೆ ನೆಲ್ಲಿಕಾಯಿ ಹೊರಗೆ ಬಂದರೆ ಜೀವವೈವಿಧ್ಯ ನಾಶವಾಗುತ್ತದೆ. ಕಾಡಿನ ನೆತ್ತಿಯ ಮೇಲೆ ಕಾಫಿ ಗಿಡ ನಿಂತರೆ ನಾಶವಾಗುವುದಿಲ್ಲ. ನಾಗರಹೊಳೆಯಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಜೇನುಕುರುಬರನ್ನು ಹಾಡಿಗಳಿಂದ ಎಬ್ಬಿಸಿದ ಅದೇ ಕಾಡಿನಲ್ಲಿ, 1990ರ ದಶಕದಲ್ಲಿ, ಮೂರ್ಕಲ್ ಎಂಬಲ್ಲಿ ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಡಲಾಯಿತು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೆ ಹೋದರು. 1997ರ ಜನವರಿಯಲ್ಲಿ ಹೈಕೋರ್ಟಿನ ತೀರ್ಪು ಬಂದ ಮೇಲೆಯೇ ಅದು ನಿಂತಿದ್ದು. 2023ರಲ್ಲಿ ದಿಲ್ಲಿಯ ಸರ್ಕಾರ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೇ ತಿದ್ದುಪಡಿ ತಂದಿತು. ರಕ್ಷಿತ ಪ್ರದೇಶಗಳಾಚೆಯ ಕಾಡಿನಲ್ಲಿ ಸರ್ಕಾರದ ಮೃಗಾಲಯ, ಸಫಾರಿ, ಇಲಾಖೆಯ ಯೋಜನೆಯೊಳಗೆ ಸೇರಿದ ಪ್ರವಾಸಿ ಸೌಲಭ್ಯಗಳು ಇನ್ನು 'ಅರಣ್ಯೇತರ' ಕೆಲಸವಲ್ಲ ಎಂದಿತು. ಪ್ರವಾಸಿಯ ಮೋಜು ಅರಣ್ಯದ ಕೆಲಸ, ಆದಿವಾಸಿಯ ಬದುಕು ಅರಣ್ಯದ ಒತ್ತುವರಿ! ಇದನ್ನು ನ್ಯಾಯ ಎನ್ನುವ ನಾಲಿಗೆ ಯಾವುದು?

1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಎತ್ತಿದರು. ಆ ಕೆರೆಯ ನೀರನ್ನು ದನ ಕುಡಿಯುತ್ತಿತ್ತು, ನಾಯಿ ಕುಡಿಯುತ್ತಿತ್ತು. ಮನುಷ್ಯನೊಬ್ಬ ಕುಡಿದರೆ ಮಾತ್ರ ಕೆರೆ ಕೆಡುತ್ತಿತ್ತು. ಹುಲಿ ಕುಡಿಯುವ ಹೊಳೆ, ಆನೆ ಮೀಯುವ ಹೊಳೆ, ಅದರ ದಡದಲ್ಲಿ ಹುಟ್ಟಿದ ಮನುಷ್ಯ ಕಾಲಿಟ್ಟರೆ ಹೇಗೆ ಕೆಡುತ್ತದೆ? ಮಹಾಡಿನ ಪ್ರಶ್ನೆ ಮುಗಿದಿಲ್ಲ. ಅದು ಈಗ ಕಾಡಿನ ಬಾಗಿಲಿಗೆ ಬಂದು ನಿಂತಿದೆ.

*

'ಭಾವನೆ ಬೇಡ, ವಿಜ್ಞಾನ ಹೇಳಿ' ಎನ್ನುವವರಿದ್ದಾರೆ. ಒಳ್ಳೆಯದು. ವಿಜ್ಞಾನವನ್ನೇ ಹೇಳೋಣ.

ಬಿಳಿಗಿರಿಯ ಕಾಡಿನ ದೊಡ್ಡ ರೋಗ ಯಾವುದು? ಲಂಟಾನ. ಅಮೆರಿಕ ಖಂಡದಿಂದ ಬಿಳಿಯರು ಚೆಂದದ ಹೂವೆಂದು ತಂದ ಗಿಡ. ಇವತ್ತು ಅದು ಕಾಡಿನ ನೆಲವನ್ನು ಎದೆಮಟ್ಟ, ತಲೆಮಟ್ಟ ತುಂಬಿಕೊಂಡಿದೆ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಹುಲ್ಲಿಲ್ಲದ ಮೇಲೆ ಜಿಂಕೆ, ಕಾಟಿ ಏನು ತಿನ್ನಬೇಕು? ಜಿಂಕೆ ಇಲ್ಲದ ಮೇಲೆ ಹುಲಿ ಏನು ತಿನ್ನಬೇಕು? 1997ರಲ್ಲೂ 2008ರಲ್ಲೂ ಅವೇ ಜಾಗಗಳನ್ನು ಅಳೆದು ನೋಡಿದ ವಿಜ್ಞಾನಿಗಳು ಲಂಟಾನ ಬಹಳವಾಗಿ ಹಬ್ಬಿರುವುದನ್ನು ಕಂಡರು. ಯಾಕೆ ಹಬ್ಬಿತು? ಈ ಪ್ರಶ್ನೆಯನ್ನು ಸೋಲಿಗರ ಮುದುಕರಿಗೆ ಕೇಳಿದ್ದರೆ ಎಂದೋ ಉತ್ತರ ಸಿಗುತ್ತಿತ್ತು. ನಮ್ಮ ತಾತ ಹೇಳಿದ್ದನ್ನು ಆತನ ಮಾತಿನಲ್ಲೇ ಕೊಡುತ್ತೇವೆ:

'ತರಗು ಬೆಂಕಿ ಅಂದ್ರೆ ಕಾಡು ಸುಡದಲ್ಲ ಕನ್ರಪ್ಪ. ಚಳಿ ಕಳೀತಿದ್ದಂಗೆ, ನೆಲ ಇನ್ನೂವೆ ತಣ್ಣಗಿರುವಾಗ, ತರಗಿಗೆ ಒಂದ್ಸಲ ಹಾಕದು. ಅದು ನೆಲ ಸವರ್ಕೊಂಡು ಹೋಗಿ ಹೊತ್ತು ಮುಳುಗೋದ್ರೊಳಗೆ ತಾನೇ ಆರೋಯ್ತದೆ. ಮರಕ್ಕೆ ಏನೂ ಆಗದಿಲ್ಲ. ಹುಲ್ಲು ಚಿಗುರ್ತದೆ. ಉಪ್ಪಿಲ ಸಾಯ್ತದೆ. ಬೆಂಕಿ ಹಾಕಿದ್ರೆ ಜೈಲು ಅಂದ್ರು, ಬಿಟ್ಬುಟ್ವಿ. ಈಗ ನೋಡಿ, ಈ ಪೊದೆ ಹೆಂಗೆ ಒಣಗಿ ನಿಂತದೆ. ಇದಕ್ಕೆ ಬೆಂಕಿ ಬಿದ್ರೆ ಮರದ ನೆತ್ತಿ ಗಂಟ ಹೋಯ್ತದೆ. ಆಗ ಆರಿಸಕ್ಕೆ ನಮ್ಮನ್ನೇ ಕರೀತಾರೆ.'

ಉಪ್ಪಿಲು ಎಂದರೆ ನೆಲ್ಲಿಮರದ ಮೇಲೆ ಕೂತು ಅದರ ರಸ ಹೀರುವ ಬಂದಳಿಕೆ. ತರಗು ಬೆಂಕಿ ನಿಂತ ಮೇಲೆ ಲಂಟಾನವೂ ಏರಿತು, ಉಪ್ಪಿಲೂ ಏರಿತು, ನೆಲ್ಲಿ ಸಾಯತೊಡಗಿತು ಎಂಬುದು ಸೋಲಿಗರ ವಿವರಣೆ. ಬೆಟ್ಟದಲ್ಲಿ ಕೆಲಸ ಮಾಡಿದ ಸಂಶೋಧಕರು ಈ ವಿವರಣೆಯನ್ನು ಗಂಭೀರವಾಗಿ ಪರಿಶೀಲಿಸಿ ಬರೆದಿದ್ದಾರೆ. ಅವರಲ್ಲಿ ಸೋಲಿಗರಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರೂ ಒಬ್ಬರು. ಅಂದರೆ ಪೋಡಿನ ಅರಿವು ಈಗ ವಿಜ್ಞಾನದ ಪತ್ರಿಕೆಗೂ ಹೋಗಿದೆ. ಇಲಾಖೆಯ ಕಿವಿಗೆ ಮಾತ್ರ ಹೋಗಬೇಕಾಗಿದೆ.

ಇನ್ನು ಹುಲಿಯ ಲೆಕ್ಕ. ಜನ ಇದ್ದರೆ ಹುಲಿ ಇರುವುದಿಲ್ಲ ಎಂಬುದು ಇವರ ಮೂಲಮಂತ್ರ. ಬಿಳಿಗಿರಿಯ ಕಾಡು ಸುಮಾರು 574 ಚದರ ಕಿಲೋಮೀಟರು. ಒಳಗೂ ಅಂಚಿನಲ್ಲೂ ಅರುವತ್ತರಷ್ಟು ಪೋಡುಗಳಿವೆ. ಅಲ್ಲಿ 2010ರಲ್ಲಿ 35ರಷ್ಟಿದ್ದ ಹುಲಿಗಳು 2014ರ ಎಣಿಕೆಯಲ್ಲಿ 68ರಷ್ಟಾದವು ಎಂದು ವರದಿಯಾಯಿತು. ಸೋಲಿಗರಿಗೆ ಹಕ್ಕುಪತ್ರ ಸಿಕ್ಕಿದ್ದು ಈ ಎರಡು ಎಣಿಕೆಗಳ ನಡುವೆ. ಹಕ್ಕುಪತ್ರದಿಂದಲೇ ಹುಲಿ ಹೆಚ್ಚಿತು ಎಂದು ನಾವು ವಾದಿಸುವುದಿಲ್ಲ. ಹುಲಿ ಕಾಗದ ಓದಿ ಮರಿ ಹಾಕುವುದಿಲ್ಲ. ಜನ ಇದ್ದೂ ಹುಲಿ ಹೆಚ್ಚಿತು ಎಂಬುದಷ್ಟೇ ನಮ್ಮ ವಾದ. ಮೂಲಮಂತ್ರ ಸುಳ್ಳು ಎನ್ನಲು ಅಷ್ಟು ಸಾಕು.

'ಕಳ್ಳಬೇಟೆ ಇಲ್ಲವೇ?' ಇದೆ. ಗಂಧ ಕಡಿದವರಿದ್ದಾರೆ, ದಂತ ಕಿತ್ತವರಿದ್ದಾರೆ. ಆ ದಂತ, ಆ ಗಂಧ ಯಾವ ಪೋಡಿನ ಗುಡಿಸಿಲಲ್ಲಿದೆ? ಕೊಂಡವರು ಯಾರು? ಸಾಗಿಸಿದವರು ಯಾರು? ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡು ರಾಜ್ಯಗಳ ಕಾರ್ಯಪಡೆ ಈ ಬೆಟ್ಟಗಳ ಬಡವರ ಮೈಮೇಲೆ ನಡೆಸಿದ್ದೇನು ಎಂಬುದಕ್ಕೆ ಸದಾಶಿವ ಸಮಿತಿಯ ವಿಚಾರಣೆ ಸಾಕ್ಷಿ. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಹೇಳಿತು. ಕಾಡಿನ ಲೂಟಿಗೆ ಏಟು ತಿಂದವರು ಲೂಟಿಯಲ್ಲಿ ಪಾಲು ಪಡೆಯದವರು.

ಕಾಡು ಮುಗಿಸಿದವರ ಪಟ್ಟಿ ಬೇಕೆಂದರೆ ರೈಲಿನ ಹಳಿಯ ಕೆಳಗೆ ನೋಡಿ, ಕಾಗದದ ಕಾರ್ಖಾನೆಯ ಲೆಕ್ಕದ ಪುಸ್ತಕ ನೋಡಿ. 1984ರಲ್ಲಿ ಸರ್ಕಾರ ಮತ್ತು ಒಂದು ಕಾರ್ಖಾನೆ ಪಾಲುದಾರರಾಗಿ ಕಂಪನಿ ಕಟ್ಟಿ, ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟವು. ದನ ಮೇಯುವ ಜಾಗ, ಬಡವರು ಸೌದೆ ಆಯುವ ಜಾಗ ಹೋಗುತ್ತಿತ್ತು. 1987ರ ನವೆಂಬರ್ 14ರಂದು ಧಾರವಾಡ ಸೀಮೆಯ ಕುಸನೂರಿನಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಹೂಡಿದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ನಮ್ಮ ನಾಡಿನ ಪರಿಸರ ಚಳುವಳಿಯ ಚರಿತ್ರೆ ಇದು. ಬೈನಾಕುಲರ್ ಕೊರಳಿಗೆ ಹಾಕಿಕೊಂಡವರು ಇದನ್ನು ತಿಳಿದುಕೊಳ್ಳಬೇಕು.

*

ಈಗ ನಮ್ಮವರ ಕಡೆ ತಿರುಗಿ ಒಂದು ಮಾತು. 'ಇದು ಆದಿವಾಸಿಗಳ ವಿಷಯ, ದಲಿತರಿಗೇನು?' ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ.

ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಒಂದು ಅಡಿ ಒಂಬತ್ತು ಅಂಗುಲದ ಚರ್ಮದ ಜೋಡು ಹೊಲಿದುಕೊಡುವವರು ಬೂದಿತಿಟ್ಟಿನ ಮಾದಿಗರು. ಆ ಜೋಡು ಮೆಟ್ಟಿ ದೇವರು ಕಾಡು ತಿರುಗುತ್ತಾನೆ ಎಂದು ನಂಬಿಕೆ. ಅದೇ ರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದು ಸೋಲಿಗರು ಅವನನ್ನು ಭಾವ ಎಂದೇ ಕರೆಯುತ್ತಾರೆ. ಈ ಕತೆಗಳನ್ನು ನಂಬಿ ಎಂದು ನಾವು ಹೇಳುತ್ತಿಲ್ಲ. ಕತೆಯೊಳಗೆ ಯಾರ ಶ್ರಮ, ಯಾರ ಸಂಬಂಧ ಅಡಗಿದೆ ನೋಡಿ ಎನ್ನುತ್ತೇವೆ. ದೇವರ ಕಾಲಿಗೆ ಜೋಡು ನಮ್ಮದು, ದೇವರ ಮನೆಗೆ ಹೆಣ್ಣು ಅವರದು, ಗರ್ಭಗುಡಿಯ ಒಡೆತನ ಮೂರನೆಯವನದು.

ಕತೆ ಬಿಟ್ಟು ಕಾನೂನಿಗೆ ಬನ್ನಿ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡಕ್ಕೆ ಮಾತ್ರ ಸೇರಿದ್ದಲ್ಲ. ಕಾಡನ್ನು ನಂಬಿ ಬದುಕಿದ 'ಇತರ ಪಾರಂಪರಿಕ ಅರಣ್ಯವಾಸಿ'ಗಳಿಗೂ ಹಕ್ಕು ಕೊಡುತ್ತದೆ. ಕಾಡಂಚಿನ ದಲಿತರು ಬರುವುದು ಇಲ್ಲಿ. ಆದರೆ ಅವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವೆಂದು ತೋರಿಸಬೇಕು. 75 ವರ್ಷದ ಕಾಗದ! ನಮ್ಮ ಅಪ್ಪಂದಿರಿಗೆ ಸ್ಲೇಟು ಮುಟ್ಟಲು ಬಿಡದವರು, ನಮ್ಮ ತಾತಂದಿರನ್ನು ಜೀತಕ್ಕಿಟ್ಟುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡವರು, ಈಗ ನಮ್ಮ ಮುತ್ತಾತನ ಕಾಲದ ದಾಖಲೆ ಕೇಳುತ್ತಾರೆ. ಭೂಮಿ ಇಲ್ಲದವನಿಗೆ ಪಹಣಿ ಎಲ್ಲಿಂದ ಬರುತ್ತದೆ? ನಮ್ಮ ಹೆಂಗಸರು ತಲೆಯ ಮೇಲೆ ಹೊತ್ತು ತಂದ ಸೌದೆಗೆ ರಸೀತಿ ಕೊಟ್ಟವರು ಯಾರು?

ಅದಕ್ಕೆ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಕಾನೂನಿನಲ್ಲಿ ದಾರಿ ಇದೆ. ಕಾಗದವೊಂದೇ ಸಾಕ್ಷಿಯಲ್ಲ. ಹಿರಿಯರ ಹೇಳಿಕೆ ಸಾಕ್ಷಿ. ಹಳೆಯ ಬಾವಿ ಸಾಕ್ಷಿ, ಗೋರಿ ಸಾಕ್ಷಿ, ಮಾರಿಕಲ್ಲು ಸಾಕ್ಷಿ. ಇಂಥದೇ ಕಾಗದ ಬೇಕು ಎಂದು ಹಟ ಹಿಡಿಯಬಾರದೆಂದು 2012ರ ನಿಯಮಗಳೇ ಹೇಳುತ್ತವೆ. ಒಬ್ಬೊಬ್ಬರ ಹಕ್ಕಿಗೆ ನಮೂನೆ ಎ, ಸಮುದಾಯದ ಬಳಕೆಯ ಹಕ್ಕಿಗೆ ನಮೂನೆ ಬಿ, ಕಾಡನ್ನು ಕಾಯ್ದು ಆಳುವ ಹಕ್ಕಿಗೆ ನಮೂನೆ ಸಿ. ಗ್ರಾಮಸಭೆಗೆ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಇದನ್ನು ಓದಿ ಹೇಳುವವರು ಊರಲ್ಲಿ ಇಲ್ಲವೆಂದೇ ಎಷ್ಟೋ ಅರ್ಜಿಗಳು ಸತ್ತಿವೆ. ನಮ್ಮ ಡಿಗ್ರಿ ಇರುವುದು ಯಾತಕ್ಕೆ? ಮದುವೆ ಕಾಗದದಲ್ಲಿ ಅಚ್ಚು ಹಾಕಿಸುವುದಕ್ಕೋ?

ತಡ ಮಾಡುವ ಕಾಲ ಇದಲ್ಲ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ಕಾಡಿನಿಂದ ಎಬ್ಬಿಸಿ ಎಂದು ಸುಪ್ರೀಂ ಕೋರ್ಟಿನ ಆದೇಶ ಬಂತು. ದೇಶದ ಆದಿವಾಸಿಗಳು ಎದ್ದು ನಿಂತ ಮೇಲೆ, ಅದೇ ತಿಂಗಳ 28ರಂದು ಅದಕ್ಕೆ ತಡೆ ಬಂತು. 2024ರ ಜೂನಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಕಾಡುಗಳ ಕೋರಿನಲ್ಲಿರುವ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರವನ್ನು ಚುರುಕು ಮಾಡಿ ಎಂದಿತು. ಅದಕ್ಕೆ ಉತ್ತರವೆಂಬಂತೆ 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಯ ಜೇನುಕುರುಬರು ತಮ್ಮನ್ನು ಎಬ್ಬಿಸಿದ್ದ ಕಾಡಿಗೆ ಮರಳಿ ಹೋಗಿ ಗುಡಿಸಿಲು ಹಾಕಿದರು. ಅವರು ಹೊಸ ಜಾಗ ಕೇಳಲಿಲ್ಲ. ತಮ್ಮ ದೇವರ ಕಲ್ಲು, ತಮ್ಮ ಹಿರಿಯರ ಗೋರಿ ಇರುವ ಜಾಗಕ್ಕೆ ಹೋದರು. ಮಡಿ ಮುರಿಯುವುದು ಎಂದರೆ ಅದು.

ನಮ್ಮ ಒತ್ತಾಯಗಳು ಇವು. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಒಬ್ಬರನ್ನೂ ಕಾಡಿನಿಂದ ಎಬ್ಬಿಸಕೂಡದು. ಇದು ನಾವು ಹೊಸದಾಗಿ ಕೇಳುತ್ತಿರುವುದಲ್ಲ, ಕಾಯ್ದೆಯಲ್ಲೇ ಇದೆ. ಹಕ್ಕುಪತ್ರ ಕೊಟ್ಟ ಕಡೆ ಅಧಿಕಾರವನ್ನೂ ಕೊಡಬೇಕು. ಕಾಡಿನ ಯೋಜನೆ ಗ್ರಾಮಸಭೆಯಲ್ಲಿ ತಯಾರಾಗಬೇಕು. ಎಲ್ಲಿ ಕಾಲುದಾರಿ, ಎಲ್ಲಿ ಪ್ರವಾಸಿ, ಎಷ್ಟು ಜೀಪು, ದುಡ್ಡು ಯಾರಿಗೆ ಎಂಬುದನ್ನು ಪೋಡಿನ ಜನ ತೀರ್ಮಾನಿಸಬೇಕು. ಕಾಡು ನೋಡಲು ಬರುವವರು ಬರಲಿ, ನಮ್ಮ ತಕರಾರಿಲ್ಲ; ಆದರೆ ಆ ಮನೆಯವರ ಅತಿಥಿಯಾಗಿ ಬರಲಿ. ತರಗು ಬೆಂಕಿಯ ಅರಿವನ್ನು ಅಪರಾಧದ ಪಟ್ಟಿಯಿಂದ ತೆಗೆದು, ಬಲ್ಲವರ ಕೈಯಲ್ಲಿ ಮತ್ತೆ ಪ್ರಯೋಗಕ್ಕಿಡಬೇಕು. 75 ವರ್ಷದ ಕಟ್ಟು ತೆಗೆದು, ಕಾಡಂಚಿನ ದಲಿತರನ್ನೂ ಆದಿವಾಸಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಈ ಪತ್ರಿಕೆ ಕೈಗೆ ಬಂದವರು ಓದಿ ಪಕ್ಕದವರಿಗೆ ಕೊಡಿ. ಕಾಡಂಚಿನ ಶಾಲೆಯ ಮೇಷ್ಟ್ರು ಆಗಿದ್ದರೆ ಬರುವ ಗ್ರಾಮಸಭೆಯಲ್ಲಿ ಕಾಯ್ದೆಯನ್ನು ಗಟ್ಟಿಯಾಗಿ ಓದಿ. ವಿದ್ಯಾರ್ಥಿಗಳಾಗಿದ್ದರೆ ರಜೆಯಲ್ಲಿ ಊರಿಗೆ ಹೋಗಿ ಮುದುಕ ಮುದುಕಿಯರ ಹೇಳಿಕೆ ಬರೆದುಕೊಳ್ಳಿ. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರೊಂದಿಗೆ ನಮ್ಮ ಸಾಕ್ಷಿಯೂ ಹೋಗುತ್ತಿದೆ. ಹೊಲಗೇರಿ, ಮಾದಿಗೇರಿ, ಹಾಡಿ, ಪೋಡು ಒಂದೇ ಜಮಖಾನದ ಮೇಲೆ ಕೂತು ಮಾತಾಡಲಿ. ಕೆರೆಗೆ ಇಳಿದೆವು, ಗುಡಿಯ ಮೆಟ್ಟಿಲು ಹತ್ತಿದೆವು. ಇನ್ನು ಕಾಡಿನ ದಾರಿ.